ಐದನೆಯ ಸಾಲಿನ ಬಣ್ಣ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಆಡಳಿತ ನಿರ್ದೇಶಕರೇ, ವೇದಿಕೆಯ ಮೇಲಿರುವ ನಿರ್ದೇಶಕ ಮಂಡಳಿಯ ಹಿರಿಯರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಆಸ್ಪತ್ರೆಯ ಮುಖ್ಯ ದಾದಿಯವರೇ, ಏಳೂ ಘಟಕಗಳ ಸಹೋದ್ಯೋಗಿಗಳೇ, ಅವರ ಮನೆಯವರೇ, ಮತ್ತು ಊಟ ಎಷ್ಟು ಹೊತ್ತಿಗೆ ಎಂದು ನಿರೂಪಕರನ್ನು ಆಗಲೇ ಎರಡು ಸಲ ವಿಚಾರಿಸಿರುವ ಹಿಂದಿನ ಸಾಲಿನ ಸಭಿಕರೇ,

ನನಗೆ ಏಳು ನಿಮಿಷ ಕೊಟ್ಟಿದ್ದಾರೆ. ನಿಮ್ಮ ಕೈಯಲ್ಲಿರುವ ಕಾರ್ಯಕ್ರಮ ಪಟ್ಟಿಯಲ್ಲಿ ನಾನು ಎಂಟನೆಯ ಅಂಶ: ‘ಸನ್ಮಾನಿತರ ಮಾತು’. ಒಂಬತ್ತನೆಯದು ‘ಘಟಕಗಳ ಮರುಹೊಂದಾಣಿಕೆ: ಅಧ್ಯಕ್ಷರ ಘೋಷಣೆ’. ಹತ್ತನೆಯದು ಊಟ. ಒಂಬತ್ತನೆಯ ಅಂಶದಲ್ಲಿ ಏನಿದೆ ಎಂದು ಇಲ್ಲಿ ಯಾರೂ ಬಾಯಿ ಬಿಟ್ಟು ಹೇಳಿಲ್ಲ. ಆದರೆ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಐದನೆಯ ಘಟಕ ಮುಚ್ಚುತ್ತದೆ, ಅಲ್ಲಿನ ಇಪ್ಪತ್ತಾರು ಜನರಲ್ಲಿ ಒಂಬತ್ತು ಜನರಿಗೆ ಮಾತ್ರ ಬೇರೆ ಘಟಕಗಳಲ್ಲಿ ಜಾಗವಿದೆ ಎಂಬುದು ಈ ಸಭಾಂಗಣದಲ್ಲಿ ಯಾರಿಗೆ ಗೊತ್ತಿಲ್ಲ? ಬಾಗಿಲಲ್ಲಿ ಕುಳಿತ ಕಾವಲುಗಾರರಿಗೂ ಗೊತ್ತಿದೆ. ಅವರೇ ನನಗೆ ಹೇಳಿದ್ದು.

ಮೊದಲು ನನ್ನ ಕೃತಜ್ಞತೆ. ನನಗೆ ಈಗಷ್ಟೇ ಚೌಕಟ್ಟು ಹಾಕಿದ ಒಂದು ಚಿತ್ರ ಕೊಟ್ಟಿದ್ದಾರೆ. ದೂರದಲ್ಲಿರುವವರಿಗೆ ಇದು ಪ್ರಕೃತಿ ದೃಶ್ಯದಂತೆ ಕಾಣಬಹುದು. ಇದು ಕಳೆದ ತಿಂಗಳ ನನ್ನ ವರದಿ. ಏಳು ಘಟಕಕ್ಕೆ ಏಳು ಸಾಲು, ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬಸಾಲು, ಎಲ್ಲ ಬಣ್ಣಗಳೂ ಇವೆ. ಕೆಳಗೆ ‘ಪ್ರವೃತ್ತಿಗಳಿಗೆ ಬಣ್ಣ ಕೊಟ್ಟವರಿಗೆ’ ಎಂದು ಬರೆಸಿದ್ದಾರೆ, ಪ್ರವೃತ್ತಿ ಎಂದರೆ ಟ್ರೆಂಡ್. ಗಾಜು ಹಾಕಿದ್ದಾರೆ. ಒಬ್ಬ ಅಂಕಿಅಂಶ ಗುಮಾಸ್ತನ ಸ್ಪ್ರೆಡ್‌ಶೀಟ್‌ಗೆ ಗಾಜು ಹಾಕುವ ಕಾಲ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಮನೆಯವರು ಬಂದಿದ್ದೀರಿ, ನಿಮಗಾಗಿ ಸ್ವಲ್ಪ ವಿವರಣೆ. ನಮ್ಮದು ಬಟ್ಟೆ ಒಗೆಯುವ ಸಂಸ್ಥೆ. ಆಸ್ಪತ್ರೆಗಳ ಹಾಸಿಗೆ ಹೊದಿಕೆ, ಹೋಟೆಲುಗಳ ಟವಲು, ಕಾರ್ಖಾನೆಗಳ ಸಮವಸ್ತ್ರ ನಮ್ಮಲ್ಲಿಗೆ ಬರುತ್ತವೆ, ಒಗೆದು ಇಸ್ತ್ರಿಯಾಗಿ ಹೋಗುತ್ತವೆ. ಹೇಳಿದ ಹೊತ್ತಿಗೆ ಹೋದವೇ ಎಂಬುದೇ ನಮ್ಮ ಮುಖ್ಯ ಪ್ರಶ್ನೆ. ನೂರು ಬಟ್ಟೆಯಲ್ಲಿ ಎಷ್ಟು ಬಟ್ಟೆ ಹೇಳಿದ ಹೊತ್ತಿಗೆ ತಲುಪಿತು ಎಂದು ಪ್ರತಿ ಘಟಕ ತಿಂಗಳಿಗೊಮ್ಮೆ ನನಗೆ ಬರೆದು ಕಳಿಸುತ್ತದೆ. ನಾನು ಅದನ್ನು ಏಳು ಸಾಲುಗಳಲ್ಲಿ ತುಂಬಿ ಹಿರಿಯರ ಸಭೆಯಲ್ಲಿ ಗೋಡೆಯ ಮೇಲೆ ತೋರಿಸುತ್ತೇನೆ. ಹಾಳೆಗೆ ಬಣ್ಣ ಬಂದ ಹನ್ನೊಂದು ವರ್ಷದಲ್ಲಿ ನೂರಾ ಮೂವತ್ತೆರಡು ಸಭೆ. ಅಷ್ಟರಲ್ಲೂ ನಾನು ಪ್ರೊಜೆಕ್ಟರಿನ ಪಕ್ಕದಲ್ಲಿ ನಿಂತೇ ಇದ್ದೆ. ಕುರ್ಚಿ ಇತ್ತು. ಅದರ ಮೇಲೆ ಪ್ರೊಜೆಕ್ಟರ್ ಇತ್ತು.

ಬಣ್ಣ ಬರುವ ಮುಂಚೆ ಆ ಹಾಳೆಯನ್ನು ಯಾರೂ ಓದುತ್ತಿರಲಿಲ್ಲ. ಇದು ದೂರಲ್ಲ, ವಾಸ್ತವ. ಎಂಬತ್ತನಾಲ್ಕು ಸಂಖ್ಯೆಗಳನ್ನು ಗೋಡೆಯ ಮೇಲೆ ಹಾಕಿದರೆ ಯಾರು ತಾನೇ ಓದುತ್ತಾರೆ? ಆಗಿನ ಪ್ರಧಾನ ವ್ಯವಸ್ಥಾಪಕರು, ಈಗ ನಿವೃತ್ತರು, ಕನ್ನಡಕ ತೆಗೆದು ಒರೆಸಲು ಶುರು ಮಾಡುತ್ತಿದ್ದರು. ನಾನು ಹಾಳೆ ಮುಚ್ಚಿದ ಮೇಲೆ ಹಾಕಿಕೊಳ್ಳುತ್ತಿದ್ದರು. ಆಗ ನಾನು ಅರ್ಧ ದಿನದ ಒಂದು ತರಬೇತಿಗೆ ಹೋಗಿ ಕಂಡೀಶನಲ್ ಫಾರ್ಮ್ಯಾಟಿಂಗ್ ಕಲಿತು ಬಂದೆ. ಸರಳವಾಗಿ ಹೇಳುವುದಾದರೆ, ಷರತ್ತು ಹಾಕಿ ಬಣ್ಣ ಹಚ್ಚುವುದು. ಷರತ್ತನ್ನು ನಾವು ಬರೆಯಬೇಕು, ಬಣ್ಣವನ್ನು ಕಂಪ್ಯೂಟರ್ ಹಚ್ಚುತ್ತದೆ.

ಮೊದಲ ತಿಂಗಳು ನಾನು ಹಾಕಿದ ಷರತ್ತು ಹೀಗಿತ್ತು. ಆಸ್ಪತ್ರೆಗಳ ಜತೆಗಿನ ಒಪ್ಪಂದದ ಪ್ರಕಾರ ನೂರಕ್ಕೆ ತೊಂಬತ್ತು ಬಟ್ಟೆ ಹೊತ್ತಿಗೆ ತಲುಪಬೇಕು. ಆದ್ದರಿಂದ ತೊಂಬತ್ತು ಮತ್ತು ಮೇಲೆ ಇದ್ದರೆ ಹಸಿರು, ಕೆಳಗಿದ್ದರೆ ಕೆಂಪು. ಏಳು ಘಟಕಗಳೂ ತೊಂಬತ್ತರ ಮೇಲಿದ್ದವು. ಇಡೀ ಹಾಳೆ ಹಸಿರಾಯಿತು. ನಾನು ಹೆಮ್ಮೆಯಿಂದಲೇ ತೋರಿಸಿದೆ. ಪ್ರಧಾನ ವ್ಯವಸ್ಥಾಪಕರು ಕನ್ನಡಕ ಹಾಕಿಕೊಂಡೇ ನೋಡಿದರು.

“ಎಲ್ಲಾ ಹಸಿರಾದ್ರೆ ನಾವೆಲ್ಲಾ ಯಾಕ್ರೀ ಸೇರಿದೀವಿ ಇಲ್ಲಿ?” ಎಂದರು.

“ಎಲ್ಲಾ ಚೆನ್ನಾಗಿದೆ ಸರ್,” ಎಂದೆ.

“ಚೆನ್ನಾಗಿದೆ ಅಂತ ಹೇಳೋಕೆ ಸಭೆ ಕರೀತಾರಾ? ಟ್ರೆಂಡ್ ಎಲ್ಲಿ ಇದ್ರಲ್ಲಿ? ಏನಾದ್ರೂ ಎದ್ದು ಕಾಣ್ಬೇಕಲ್ರೀ.”

ಸಭೆ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಟೀ ಬರುವ ಮುಂಚೆಯೇ ಮುಗಿಯಿತು, ಅದಕ್ಕೂ ಬೇಸರವಾಯಿತು.

ಮರುದಿನ ನಾನು ನಿಯಮ ಬದಲಾಯಿಸಿದೆ. ಕಂಪ್ಯೂಟರಿನ ಅದೇ ಆಯ್ಕೆಪಟ್ಟಿಯಲ್ಲಿ, ಎರಡು ಗೆರೆ ಕೆಳಗೆ, ಬಣ್ಣದ ಶ್ರೇಣಿ ಎಂದು ಇನ್ನೊಂದು ಬಗೆಯಿದೆ. ಅದಕ್ಕೆ ನಾವು ಷರತ್ತು ಬರೆಯಬೇಕಾಗಿಲ್ಲ. ಅದು ತಾನೇ ಸಂಖ್ಯೆಗಳನ್ನು ನೋಡಿ, ಎಲ್ಲಕ್ಕಿಂತ ಹೆಚ್ಚಿನದಕ್ಕೆ ಹಸಿರು, ನಡುವಿನದಕ್ಕೆ ಹಳದಿ, ಎಲ್ಲಕ್ಕಿಂತ ಕಡಿಮೆಯದಕ್ಕೆ ಕೆಂಪು ಹಚ್ಚುತ್ತದೆ. ಬದಲಾಯಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಮುಂದಿನ ಸಭೆ ಎರಡು ಗಂಟೆ ನಡೆಯಿತು. ಟೀ ಎರಡು ಸಲ ಬಂತು. ಎಲ್ಲರೂ ಮಾತನಾಡಿದರು. ಆ ವರ್ಷದ ಕೊನೆಯಲ್ಲಿ ನನಗೆ ಹಿರಿಯ ಅಂಕಿಅಂಶ ಗುಮಾಸ್ತ ಎಂಬ ಹುದ್ದೆ ಸಿಕ್ಕಿತು. ಕಿರಿಯ ಗುಮಾಸ್ತ ಯಾರೂ ಇಲ್ಲ, ಇದ್ದವನು ನಾನೊಬ್ಬನೇ, ಆದರೂ ಹಿರಿಯ.

ಸಭಿಕರೇ, ಈ ನಿಯಮದ ಗುಣವನ್ನು ದಯವಿಟ್ಟು ಗಮನಿಸಬೇಕು. ಅದಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಯಾರು ಯಾರಿಗಿಂತ ಕೆಳಗೆ ಎಂಬುದಷ್ಟೇ ಗೊತ್ತು. ನನಗೆ ಮೂವರು ಹೆಣ್ಣುಮಕ್ಕಳು. ಒಂದು ವರ್ಷ ಗಣಿತದಲ್ಲಿ ಒಬ್ಬಳಿಗೆ ತೊಂಬತ್ತೆಂಟು, ಒಬ್ಬಳಿಗೆ ತೊಂಬತ್ತೇಳು, ನಡುವಿನವಳಿಗೆ ತೊಂಬತ್ತಾರು. ಈ ನಿಯಮವನ್ನು ಮನೆಯ ಗೋಡೆಗೆ ಹಾಕಿದ್ದರೆ ನನ್ನ ನಡುವಿನ ಮಗಳು ಕೆಂಪಗೆ ಕುಳಿತಿರುತ್ತಿದ್ದಳು. ಮೂವರಿಗೂ ಹನ್ನೆರಡು, ಹನ್ನೊಂದು, ಹತ್ತು ಬಂದಿದ್ದರೆ? ಹನ್ನೆರಡು ತೆಗೆದವಳು ಹಸಿರಾಗಿ ಓಡಾಡುತ್ತಿದ್ದಳು. ಎಷ್ಟೇ ಚೆನ್ನಾಗಿ ಒಗೆದರೂ ಒಂದು ಘಟಕ ಕೆಂಪಾಗಲೇಬೇಕು. ಆ ನಿಯಮವನ್ನು ಹಾಕಿದ್ದು ಕಂಪ್ಯೂಟರ್ ಅಲ್ಲ, ನಾನು. ಸಭೆಯಲ್ಲಿ ಏನಾದರೂ ಎದ್ದು ಕಾಣಲಿ ಎಂದು ಹಾಕಿದೆ.

ಕೆಂಪಾಗಿದ್ದು ಯಾರು? ನೂರಾ ಮೂವತ್ತೊಂದು ತಿಂಗಳಲ್ಲಿ ನೂರಾ ಹತ್ತೊಂಬತ್ತು ತಿಂಗಳು ಐದನೆಯ ಸಾಲು. ಉಳಿದ ಹನ್ನೆರಡು ತಿಂಗಳು ಎರಡನೆಯ ಸಾಲು, ಆ ವರ್ಷ ಅವರ ಬಾಯ್ಲರ್ ಕೆಟ್ಟಿತ್ತು.

ಐದನೆಯ ಘಟಕ ಮೊದಲ ವರ್ಷ ತೊಂಬತ್ತೊಂದರಲ್ಲಿತ್ತು. ಕಳೆದ ತಿಂಗಳು ತೊಂಬತ್ತೇಳು ಪಾಯಿಂಟ್ ನಾಲ್ಕು. ಏಳು ಘಟಕಗಳಲ್ಲಿ ಇಷ್ಟು ಏರಿದ್ದು ಇನ್ನೊಂದಿಲ್ಲ. ಪ್ರವೃತ್ತಿ ಎನ್ನುವುದಾದರೆ ಇದೇ ಪ್ರವೃತ್ತಿ. ಆದರೆ ಎಲ್ಲಕ್ಕಿಂತ ಮೇಲಿನ ಘಟಕ ತೊಂಬತ್ತೆಂಟು ಪಾಯಿಂಟ್ ಆರರಲ್ಲಿದೆ. ಒಂದು ಪಾಯಿಂಟ್ ಎರಡರ ವ್ಯತ್ಯಾಸಕ್ಕೆ ಐದನೆಯದು ಕಡುಗೆಂಪು. ಈ ವ್ಯತ್ಯಾಸವಾದರೂ ಯಾಕೆ? ಸಹೋದ್ಯೋಗಿಗಳೇ, ಒಮ್ಮೆ ಒಗೆದರೂ ಕಲೆ ಹೋಗದ ಬಟ್ಟೆಯನ್ನು ಉಳಿದ ಆರು ಘಟಕದವರು ಎಲ್ಲಿಗೆ ಕಳಿಸುತ್ತೀರಿ? ಗೋಣಿಯ ಮೇಲೆ ಸೀಮೆಸುಣ್ಣದಲ್ಲಿ ಐದು ಎಂದು ಬರೆದು ಗಾಡಿಗೆ ಹಾಕುವವರು ಯಾರು? ಇಲ್ಲಿ ಕೆಲವರು ತಲೆ ತಗ್ಗಿಸಿದ್ದು ನನಗೆ ಕಾಣುತ್ತಿದೆ. ಮುಖ್ಯ ಅತಿಥಿಗಳ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಕೊಠಡಿಯ ಹೊದಿಕೆಗಳನ್ನು ಒಗೆಯುವುದೂ ಅಲ್ಲೇ. ಅವನ್ನು ಎರಡು ಸಲ ಒಗೆಯಬೇಕು, ಮೂರು ಸಲವೂ ಆಗುತ್ತದೆ. ಅಷ್ಟಾಗಿಯೂ ತೊಂಬತ್ತೇಳು ಪಾಯಿಂಟ್ ನಾಲ್ಕು.

ಬರೆದುಕೊಂಡು ಬಂದ ಕಾಗದ ಇಲ್ಲಿಗೆ ಮುಗಿಯಬೇಕಿತ್ತು. ‘ನಿಯಮ ತಪ್ಪು, ತಿದ್ದಿದ್ದೇನೆ, ವಂದನೆಗಳು’ ಎಂದಿದೆ. ಆದರೆ ನಿಮ್ಮಲ್ಲಿ ಯಾರಾದರೂ ಕೇಳಬಹುದು: ಹನ್ನೊಂದು ವರ್ಷ ಒಂದೇ ಸಾಲು ಕೆಂಪಗಿದ್ದರೆ, ಅದನ್ನು ಮಾಡಿದವನ ಕಣ್ಣಿಗೆ ಒಂದು ಸಲವೂ ಬೀಳಲಿಲ್ಲವೇ?

ಲೆಕ್ಕಕ್ಕೆ ಗೊತ್ತಿತ್ತು. ಕಡಿಮೆಯದು ಕೆಂಪಾಗುತ್ತದೆ ಎಂದು ತರಬೇತಿಯ ಪುಸ್ತಕದಲ್ಲಿ ಓದಿದ್ದೆ. ಕಣ್ಣಿಗೆ ಬೀಳಲಿಲ್ಲ. ನಾನು ಗೋಡೆಯ ಮೇಲೆ ತೊಂಬತ್ತೇಳು ಪಾಯಿಂಟ್ ನಾಲ್ಕು ಓದಿ ನೆಮ್ಮದಿಯಾಗಿರುತ್ತಿದ್ದೆ. ಆ ಕೋಣೆಯಲ್ಲಿ ಸಂಖ್ಯೆ ಓದುತ್ತಿದ್ದವನು ನಾನೊಬ್ಬನೇ ಎಂದು ಈಗ ಅನಿಸುತ್ತದೆ. ಯಾಕೆಂದರೆ ನನಗೆ ಓದಲು ಬೇರೆ ಏನೂ ಇರಲಿಲ್ಲ. ಈಗ ಕೊಟ್ಟ ಈ ಚಿತ್ರವೂ ನನಗೆ ಒಂದೇ ಬಗೆಯ ಒಣಗಿದ ಎಲೆಯ ಬಣ್ಣ, ಅಲ್ಲಲ್ಲಿ ತುಸು ಕಪ್ಪು. ಟೊಮೆಟೊ ತರುವ ಕೆಲಸವನ್ನು ಮದುವೆಯಾದ ಮೊದಲ ವಾರದಲ್ಲೇ ನನ್ನಿಂದ ವಾಪಸು ಪಡೆಯಲಾಯಿತು. ಈ ಟೈ ಹೆಂಡತಿ ಆರಿಸಿದ್ದು.

ನಿರೂಪಕರು ಚೀಟಿ ಕಳಿಸಿದ್ದಾರೆ: ‘ಇನ್ನು ಎರಡು ನಿಮಿಷ’. ನೋಡಿದ್ದೇನೆ. ಕೆಂಪು ಹಸಿರು ನನ್ನ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ ಎಂಬುದನ್ನು ಹೇಳಬಾರದೆಂದು ನನಗೆ ಒಬ್ಬರ ಅಪ್ಪಣೆಯಾಗಿತ್ತು. ಹೇಳಿಯಾಯಿತು. ಅರ್ಧ ಹೇಳಿ ಬಿಟ್ಟರೆ ನೀವು ಮಿಕ್ಕಿದ್ದನ್ನು ಊಟದಲ್ಲಿ ನೀವೇ ಸೇರಿಸುತ್ತೀರಿ. ಆದ್ದರಿಂದ ಪೂರ್ತಿ ಹೇಳುತ್ತೇನೆ.

ಮೂವತ್ತೊಂದು ವರ್ಷದ ಹಿಂದೆ ನಾನು ಈ ಸಂಸ್ಥೆಗೆ ಸೇರಿದ್ದು ಗುಮಾಸ್ತನಾಗಿ ಅಲ್ಲ, ಐದನೆಯ ಘಟಕದಲ್ಲಿ ಬಟ್ಟೆ ವಿಂಗಡಿಸುವವನಾಗಿ. ಅರ್ಜಿಯಲ್ಲಿ ‘ಬಣ್ಣ ಗುರುತಿಸಲು ತೊಂದರೆ ಇದೆಯೇ’ ಎಂಬ ಪ್ರಶ್ನೆಯಿತ್ತು. ‘ಇಲ್ಲ’ ಎಂದು ಬರೆದೆ. ಕೆಲಸ ಬೇಕಿತ್ತು. ಬಿಳಿ ಬಟ್ಟೆ ಒಂದು ಕಡೆ, ಬಣ್ಣದ್ದು ಒಂದು ಕಡೆ ಹಾಕುವುದು, ಇಷ್ಟೇ ಕೆಲಸ. ಇದರಲ್ಲಿ ಎಡವಲು ಏನಿದೆ ಎಂದುಕೊಂಡೆ. ನಾಲ್ಕನೆಯ ತಿಂಗಳು ಆಸ್ಪತ್ರೆಯ ಇನ್ನೂರ ನಲವತ್ತು ಬಿಳಿ ಹೊದಿಕೆಗಳ ಜತೆ ಯಾವುದೋ ಹೋಟೆಲಿನ ಒಂದು ಕೆಂಪು ಟವಲು ಸೇರಿತು. ಯಂತ್ರದಿಂದ ತೆಗೆದು, ಒಣಗಿಸಿ, ಇನ್ನೂರ ನಲವತ್ತನ್ನೂ ನಾನೇ ನೀಟಾಗಿ ಮಡಚಿಟ್ಟೆ. ಮೇಲೆ ಚೀಟಿ ಅಂಟಿಸಿದೆ: ‘ಬಿಳಿ, ೨೪೦’. ಅಕ್ಷರ ಚೆನ್ನಾಗಿತ್ತು.

ಆಗ ಪಾಳಿಯ ಮೇಲ್ವಿಚಾರಕರಾಗಿದ್ದವರನ್ನು ಇಡೀ ಸಂಸ್ಥೆ ಅಕ್ಕ ಎಂದೇ ಕರೆಯುತ್ತದೆ. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಗಾಡಿ ಚಾಲಕರೂ ಅಕ್ಕ ಎನ್ನುತ್ತಾರೆ. ಈಗ ಅವರೇ ಐದನೆಯ ಘಟಕದ ಮುಖ್ಯಸ್ಥರು. ಅವರು ಬಂದು ಚೀಟಿ ಓದಿದರು, ಹೊದಿಕೆ ನೋಡಿದರು, ನನ್ನನ್ನು ನೋಡಿದರು.

“ಇದು ಯಾವ ಬಣ್ಣನೋ?”

“ಬಿಳಿ, ಅಕ್ಕ. ಒಂಚೂರು ಮಾಸಿದೆ.”

ಅವರು ಎರಡು ಟವಲು ತಂದು ಹಿಡಿದರು. “ಇದ್ರಲ್ಲಿ ಕೆಂಪು ಯಾವ್ದು?”

ತೋರಿಸಿದೆ. ಸರಿಯಾಗಿತ್ತು. ಬೆನ್ನ ಹಿಂದೆ ಕೈ ಬದಲಿಸಿ ಮತ್ತೆ ಕೇಳಿದರು. ತಪ್ಪಾಯಿತು. ಮತ್ತೆ ಕೇಳಿದರು. ತಪ್ಪಾಯಿತು.

“ಮನೇಲಿ ಗೊತ್ತಾ?”

“ಗೊತ್ತಿಲ್ಲ ಅಕ್ಕ.”

“ಅರ್ಜೀಲಿ ಏನ್ ಬರ್ದಿದೀಯ?”

ನಾನು ಚೀಟಿಯ ಅಂಚನ್ನು ಇನ್ನೊಮ್ಮೆ ಒತ್ತಿ ಅಂಟಿಸಿದೆ.

“ಬುದ್ಧಿವಂತ,” ಎಂದರು. ಹೊಗಳಿಕೆ ಇರಲಿಲ್ಲ.

ಇನ್ನೂರ ನಲವತ್ತು ಗುಲಾಬಿ ಹೊದಿಕೆಗೆ ಯಾರಾದರೂ ಉತ್ತರ ಹೇಳಬೇಕಿತ್ತು. ಅಕ್ಕ ಪಾಳಿ ಪುಸ್ತಕ ತೆಗೆದು ಒಂದು ಸಾಲು ಬರೆದರು: ‘ವಿಂಗಡಣೆಯಲ್ಲಿ ನನ್ನ ಕಣ್ತಪ್ಪು.’ ಕೆಳಗೆ ತಮ್ಮ ಸಹಿ ಹಾಕಿದರು. ಆ ವರ್ಷ ಅವರಿಗೆ ಬರಬೇಕಾಗಿದ್ದ ಬಡ್ತಿ ಎರಡು ವರ್ಷ ತಡವಾಗಿ ಬಂತು. ನನ್ನ ಬಗ್ಗೆ ಕಚೇರಿಗೆ ಬೇರೆ ಪತ್ರ ಬರೆದರು: ಈ ಹುಡುಗನ ಅಕ್ಷರ ಮತ್ತು ಲೆಕ್ಕ ಚೆನ್ನಾಗಿದೆ, ಒಗೆಯುವ ಕಡೆ ಇವನು ದಂಡ. ಹೀಗೆ ನಾನು ಗುಮಾಸ್ತನಾದೆ. ನನಗೆ ಬಣ್ಣ ಬೇಡವೆಂದು ಕಳಿಸಿದ ಕಡೆಯಲ್ಲೇ, ಇಪ್ಪತ್ತು ವರ್ಷ ಕಳೆದ ಮೇಲೆ, ನಾನು ಬಣ್ಣದ ಕೆಲಸ ಶುರು ಮಾಡಿದೆ. ಬಣ್ಣಗಳ ಹೆಸರು ಪಟ್ಟಿಯಲ್ಲಿ ಬರೆದೇ ಇರುತ್ತದೆ, ಆರಿಸಲು ಕಣ್ಣು ಬೇಕಾಗಿಲ್ಲ.

ಮೂರು ವಾರದ ಹಿಂದೆ, ಮಧ್ಯಾಹ್ನ, ಅಕ್ಕ ನನ್ನ ಕೋಣೆಗೆ ಬಂದರು. ಆ ಹಾಳೆ ಹಿರಿಯರ ಸಭೆಗೆ ಮಾತ್ರ ಹೋಗುತ್ತದೆ, ಘಟಕಗಳಿಗೆ ಹೋಗುವುದಿಲ್ಲ. ಅವರು ಅದನ್ನು ಯಾವತ್ತೂ ನೋಡಿರಲಿಲ್ಲ.

“ನಮ್ಮನ್ನ ಮುಚ್ತಾರಂತೆ ಕಣೋ. ಹನ್ನೊಂದು ವರ್ಷದಿಂದ ನಮ್ಮ ಸಾಲು ಕೆಂಪಗಿದೆಯಂತೆ. ಹೌದಾ?”

“ನೋಡಿ ಹೇಳ್ತೀನಿ ಅಕ್ಕ.”

“ನೀನು ನೋಡಿ ಹೇಳೋದು ಬೇಡ. ಓದಿ ಹೇಳು.”

ಓದಿದೆ. ಕೈ ಕಟ್ಟಿಕೊಂಡು ಕೇಳಿದರು.

“ತೊಂಬತ್ತೇಳು ಪಾಯಿಂಟ್ ನಾಕು ಕಮ್ಮೀನಾ?”

“ಕಮ್ಮಿ ಅಲ್ಲ ಅಕ್ಕ.”

“ಮತ್ತೆ ಕೆಂಪ್ಯಾಕೆ?”

“ಉಳಿದವರಿಗಿಂತ ಕಮ್ಮಿ.”

“ಉಳಿದವರ ಕಲೇನೆಲ್ಲಾ ನಾವು ತೆಗೀತೀವಲ್ಲ, ಅದೆಲ್ಲಿದೆ ಇದ್ರಲ್ಲಿ?”

“ಅದಕ್ಕೆ ಕಾಲಂ ಇಲ್ಲ ಅಕ್ಕ.”

“ಯಾವ ಪುಣ್ಯಾತ್ಮ ಮಾಡಿದ್ದು ಈ ರೂಲನ್ನ?”

ನಾನು ಮೌಸಿನ ವೈರು ಸರಿ ಮಾಡಿದೆ. ಅದು ಸರಿಯಾಗಿಯೇ ಇತ್ತು.

“ನಾನೇ ಅಕ್ಕ.”

ಅವರು ಕುರ್ಚಿ ಎಳೆದುಕೊಂಡು ಕುಳಿತರು. ಆಮೇಲೆ “ಟೀ ತರಿಸು,” ಎಂದರು. ಕುಡಿದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ರೂಲ್ ತಪ್ಪು ಅಂತ ಹೇಳು, ಅಷ್ಟು ಸಾಕು. ಕಣ್ಣಿನ ವಿಷಯ ಎಲ್ಲೂ ಎತ್ಬೇಡ. ಅರ್ಜೀಲಿ ಸುಳ್ಳು ಬರ್ದಿದೀಯ, ನಿನ್ನ ಕೆಲಸಕ್ಕೇ ಕುತ್ತು. ಮೂರು ಹೆಣ್ಣುಮಕ್ಕಳ ಅಪ್ಪ ನೀನು,” ಎಂದರು. ಇಪ್ಪತ್ತಾರು ಜನರ ಕೆಲಸದ ಮಾತು ಆಡಲು ಬಂದವರು ನನ್ನ ಕೆಲಸದ ಮಾತು ಆಡಿ ಹೋದರು.

ರೂಲ್ ತಪ್ಪು ಎಂದು ಎರಡು ಸಲ ಟಿಪ್ಪಣಿ ಕಳಿಸಿದೆ. ‘ವರದಿಯ ವಿನ್ಯಾಸ ಚೆನ್ನಾಗಿದೆ, ಹೀಗೆಯೇ ಮುಂದುವರಿಸಿ’ ಎಂದು ಒಂದಕ್ಕೆ ಉತ್ತರ ಬಂತು. ಇನ್ನೊಂದಕ್ಕೆ ಈ ಸನ್ಮಾನದ ಆಹ್ವಾನ ಬಂತು.

ಅಕ್ಕ ನಾಲ್ಕನೆಯ ಸಾಲಿನ ತುದಿಯಲ್ಲಿ ಕುಳಿತಿದ್ದಾರೆ. ಸಾಕು ಎಂದು ಆಗಿನಿಂದ ಕೈ ಸನ್ನೆ ಮಾಡುತ್ತಿದ್ದಾರೆ. ಅಕ್ಕ, ಕ್ಷಮಿಸಿ. ಸನ್ನೆ ಕಾಣುತ್ತಿದೆ. ಅದರಲ್ಲಿ ಬಣ್ಣವಿಲ್ಲ.

ಅಧ್ಯಕ್ಷರೇ, ಈ ದಿನ ಬೆಳಿಗ್ಗೆ ನಾನು ಹಳೆಯ ನಿಯಮವನ್ನು ಮತ್ತೆ ಹಾಕಿ ಹನ್ನೊಂದು ವರ್ಷದ ಹಾಳೆಗಳನ್ನು ಮುದ್ರಿಸಿದೆ. ತೊಂಬತ್ತು ಮತ್ತು ಮೇಲೆ ಹಸಿರು, ಕೆಳಗೆ ಕೆಂಪು. ಪಕ್ಕದಲ್ಲಿ ಹೊಸದಾಗಿ ಒಂದು ಕಂಬಸಾಲು ಸೇರಿಸಿದ್ದೇನೆ: ಬೇರೆ ಘಟಕದಿಂದ ಬಂದ ಕಲೆಯ ಬಟ್ಟೆ. ಗಾಡಿ ಚಾಲಕರ ಪುಸ್ತಕದಿಂದ ಎಣಿಸಿದ್ದು, ಕಳೆದ ವರ್ಷ ನಲವತ್ತೊಂದು ಸಾವಿರ. ಮುದ್ರಿಸಿದ ಮೇಲೆ ನನ್ನ ಕಣ್ಣನ್ನು ನಾನು ನಂಬಲಿಲ್ಲ. ಹಾಳೆಗಳನ್ನು ಅಡುಗೆಮನೆಗೆ ತೆಗೆದುಕೊಂಡು ಹೋಗಿ ಹೆಂಡತಿಯನ್ನು ಕೇಳಿದೆ, ಐದನೆಯ ಸಾಲಿನಲ್ಲಿ ಕೆಂಪು ಎಷ್ಟಿದೆ ಎಂದು. ಅವಳು ಕೈ ಒರೆಸಿಕೊಂಡು ಒಂದೊಂದೇ ನೋಡಿದಳು. “ಒಂದೂ ಇಲ್ಲ,” ಎಂದಳು. “ಸರಿಯಾಗಿ ನೋಡು,” ಎಂದೆ. “ನೀವು ನನಗೆ ಹೇಳ್ತೀರಾ?” ಎಂದಳು.

ಆ ಹಾಳೆಗಳು ತಮ್ಮ ಮುಂದಿರುವ ಕಡತದಲ್ಲಿ, ಒಂಬತ್ತನೆಯ ಅಂಶದ ಕಾಗದದ ಮೇಲೆಯೇ ಇವೆ. ಘೋಷಣೆ ಓದುವ ಮುಂಚೆ ತಾವು ಅವನ್ನು ನೋಡಬೇಕು. ಬಣ್ಣವನ್ನಲ್ಲ, ಸಂಖ್ಯೆಯನ್ನು. ಆಮೇಲೆ ತಾವು ಏನು ತೀರ್ಮಾನ ಮಾಡಿದರೂ ಅದು ತಮ್ಮ ತೀರ್ಮಾನವಾಗುತ್ತದೆ. ಇಲ್ಲಿಯವರೆಗೆ ಅದು ನಾನು ಒಂದು ನಿಮಿಷದಲ್ಲಿ ಒತ್ತಿದ ಗುಂಡಿಯ ತೀರ್ಮಾನ. ನನ್ನ ಅರ್ಜಿಯ ವಿಷಯದಲ್ಲಿ ಕಚೇರಿ ಕ್ರಮ ತೆಗೆದುಕೊಳ್ಳುವುದಾದರೆ ಸೋಮವಾರ ಒಂಬತ್ತು ಗಂಟೆಗೆ ಕೋಣೆಯಲ್ಲಿರುತ್ತೇನೆ. ಈ ಚೌಕಟ್ಟಿನ ಚಿತ್ರವನ್ನು ಮನೆಗೆ ಒಯ್ಯಲಾರೆ. ವೇದಿಕೆಯ ಮೇಲೆಯೇ ಇಟ್ಟು ಹೋಗುತ್ತೇನೆ. ಗಾಜು ಒಳ್ಳೆಯದಿದೆ, ಬೇರೆ ಯಾವುದಕ್ಕಾದರೂ ಆಗುತ್ತದೆ.

ಇನ್ನೊಂದು ಚೀಟಿ ಬಂದಿದೆ, ಅದರಲ್ಲಿ ಏನೂ ಬರೆದಿಲ್ಲ. ಮುಗಿಸುತ್ತೇನೆ.

ನನ್ನನ್ನು ಕರೆದು ಗೌರವಿಸಿದ ಸಂಸ್ಥೆಗೆ, ಕೇಳಿಸಿಕೊಂಡ ಹಿರಿಯರಿಗೆ, ಊಟ ತಡವಾದರೂ ಎದ್ದು ಹೋಗದ ಹಿಂದಿನ ಸಾಲಿನವರಿಗೆ ವಂದನೆಗಳು. ನಡಾವಳಿ ಬರೆಯುತ್ತಿರುವ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ನನ್ನ ಭಾಷಣದ ಸಾರಾಂಶವೆಂದು ಬೇರೇನೂ ಬರೆಯುವುದು ಬೇಡ. ಒಂದು ಸಾಲು ಸಾಕು: ‘ವಿಂಗಡಣೆಯಲ್ಲಿ ನನ್ನ ಕಣ್ತಪ್ಪು.’ ಪುಸ್ತಕ ಇತ್ತ ಕೊಡಿ, ಈ ಸಲ ಸಹಿ ನಾನು ಹಾಕುತ್ತೇನೆ.

ನಮಸ್ಕಾರ.